ಮೆಕ್ಯಾನಿಕಲ್ ಓದೋದು ಹೇಗೆ? ಒಂದು ಸಬ್ಜೆಕ್ಟಿಗೆ ನಮ್ಮೂರಿನ ಒಂದು ಮಷಿನ್

"ಅಕ್ಕಾ, ಮೆಕ್ಯಾನಿಕಲ್ ತುಂಬಾ ಕಷ್ಟವಂತೆ, ಹೌದಾ?" ಪ್ರತಿ ವರ್ಷ ಸಿಇಟಿ ಸೀಟು ಹಂಚಿಕೆ ಮುಗಿದ ಮೇಲೆ ಕುಮಟಾ, ಅಂಕೋಲಾ, ಶಿರಸಿ ಕಡೆಯ ಮಕ್ಕಳು ಫೋನ್ ಮಾಡಿ ನನ್ನ ಹತ್ತಿರ ಕೇಳುವುದು ಇದನ್ನೇ. ಹೌದು, ಕಷ್ಟ. ಆದರೆ ಎಲ್ಲಿ ಕಷ್ಟ ಅಂತ ಮೊದಲೇ ಗೊತ್ತಿದ್ದರೆ ದಾರಿ ಸಿಗುತ್ತದೆ. ಪುಸ್ತಕದ ತುಂಬಾ ಗೆರೆ, ಬಾಣ, ಸೂತ್ರ. ಆ ಗೆರೆ ಯಾವ ವಸ್ತುವಿನದು, ಆ ಬಾಣ ಎಲ್ಲಿ ಒತ್ತುತ್ತಿದೆ ಅನ್ನುವುದು ಕಣ್ಣಿಗೆ ಕಟ್ಟದಿದ್ದರೆ ಉಳಿಯುವುದು ಬಾಯಿಪಾಠ ಒಂದೇ. ಬಾಯಿಪಾಠದಲ್ಲಿ ಮೊದಲ ವರ್ಷ ದಾಟಬಹುದು. ಮೂರನೇ ಸೆಮಿಸ್ಟರಿಗೆ ಸಿಕ್ಕಿಬೀಳುತ್ತೀರಿ.

ನಾನು ಹಾಗೇ ಸಿಕ್ಕಿಬಿದ್ದೆ. ಥರ್ಮೋಡೈನಾಮಿಕ್ಸ್‌ನಲ್ಲಿ, ಅಂದರೆ ಬಿಸಿ ಮತ್ತು ಕೆಲಸದ ಲೆಕ್ಕದ ಸಬ್ಜೆಕ್ಟಿನಲ್ಲಿ, ಫೇಲಾದೆ. ಹಿಂದಿನ ಐದು ವರ್ಷದ ಪ್ರಶ್ನೆಪತ್ರಿಕೆಗಳ ಲೆಕ್ಕವನ್ನೆಲ್ಲ ಉರು ಹೊಡೆದಿದ್ದೆ, ಪರೀಕ್ಷೆಯಲ್ಲಿ ಅದೇ ಲೆಕ್ಕ ಬಂದಿತ್ತು, ಆದರೆ ಈ ಸಲ ಉತ್ತರವನ್ನು ಅವರೇ ಕೊಟ್ಟು ಮೊದಲು ಕೊಡುತ್ತಿದ್ದ ಸಂಖ್ಯೆಯನ್ನು ನಮ್ಮಿಂದ ಕೇಳಿದ್ದರು. ಅಷ್ಟಕ್ಕೇ ಪೆನ್ನು ನಿಂತುಹೋಯಿತು. ಮನೆಯಲ್ಲಿ ಆಯಿ ಏನೂ ಬೈಯಲಿಲ್ಲ, ಅದೇ ಜಾಸ್ತಿ ಬೇಜಾರು.

ಆ ರಜೆಯಲ್ಲಿ ತದಡಿಯ ಒಂದು ಐಸ್ ಫ್ಯಾಕ್ಟರಿಗೆ ಹೋಗಿ ಎರಡು ತಾಸು ನಿಂತೆ. ಪರಿಚಯದವರೊಬ್ಬರು ಅಲ್ಲಿ ಆಪರೇಟರ್ ಆಗಿದ್ದರು. ಕಂಪ್ರೆಸರ್ ಒಳಗೆ ಹೋಗುವ ಪೈಪಿನ ಮೇಲೆ ಬೆರಳು ದಪ್ಪ ಬಿಳಿ ಹಿಮ ಕಟ್ಟಿತ್ತು. ಅಲ್ಲಿಂದ ಒಂದು ಮೊಳ ದೂರದಲ್ಲಿ ಹೊರಗೆ ಬರುವ ಪೈಪು. ಅದನ್ನು ಮುಟ್ಟಲು ಕೈ ಚಾಚಿದೆ. "ಮುಟ್ಟಬೇಡ ತಂಗೀ, ಕೈ ಸುಡ್ತದೆ" ಅಂದರು. ಆಮೇಲೆ ಅವರು ಹೇಳಿದ ಒಂದು ಮಾತು ನನ್ನ ಇಡೀ ಸೆಮಿಸ್ಟರನ್ನು ಬಿಡಿಸಿ ಇಟ್ಟಿತು. "ಇದು ಥಂಡಿ ಮಾಡೂ ಮಷಿನ್ ಅಂತ ಎಲ್ಲರೂ ಹೇಳ್ತಾರೆ. ಇದು ನೀರಿನೊಳಗಿನ ಬಿಸಿ ತೆಗೆದು ಹೊರಗೆ ಬಿಸಾಡ್ತದೆ, ಅಷ್ಟೇಯ."

ಮನೆಗೆ ಬಂದು ಪುಸ್ತಕ ತೆಗೆದೆ. ರೆಫ್ರಿಜರೇಶನ್ ಸೈಕಲ್‌ನ ಚಿತ್ರದಲ್ಲಿರುವ ನಾಲ್ಕು ಗೆರೆ ಆ ಕಟ್ಟಡದ ನಾಲ್ಕು ಜಾಗಗಳಾಗಿ ಕಂಡವು. ಮೇಲಕ್ಕೆ ಏರುವ ಗೆರೆ ಕಂಪ್ರೆಸರ್. ಎಡಕ್ಕೆ ಹೋಗುವ ಗೆರೆ ಮಾಡಿನ ಮೇಲೆ ನೀರು ಸುರಿಯುತ್ತಿದ್ದ ಕಂಡೆನ್ಸರ್ ಪೈಪುಗಳು. ನೇರ ಕೆಳಗಿಳಿಯುವ ಗೆರೆ ಹಿಮ ಮೆತ್ತಿದ ಪುಟ್ಟ ಎಕ್ಸ್‌ಪಾನ್ಷನ್ ವಾಲ್ವ್. ಬಲಕ್ಕೆ ಬರುವ ಗೆರೆ ಉಪ್ಪುನೀರಿನ ತೊಟ್ಟಿಯಲ್ಲಿ ಮುಳುಗಿದ ಕಾಯಿಲ್. ಈ ಪೈಪುಗಳೊಳಗೆ ಸುತ್ತುವ ಅಮೋನಿಯಾ ಬಯಲಿನ ಗಾಳಿಯ ಒತ್ತಡದಲ್ಲಿ ಮೈನಸ್ 33 ಡಿಗ್ರಿಗೇ ಕುದಿಯುತ್ತದೆ, ಅದಕ್ಕೇ ನಮ್ಮ ನೀರಿನ ಬಿಸಿ ಸಾಕು ಅದನ್ನು ಆವಿ ಮಾಡಲು. ಇಷ್ಟು ಗೊತ್ತಾದ ಮೇಲೆ ಲೆಕ್ಕವನ್ನು ಯಾವ ಕಡೆಯಿಂದ ತಿರುಗಿಸಿ ಕೇಳಿದರೂ ಹೆದರಿಕೆ ಆಗಲಿಲ್ಲ.

ಅವತ್ತಿನಿಂದ ನಾನು ಹಿಡಿದ ದಾರಿಯನ್ನೇ ನಿಮಗೂ ಹೇಳುತ್ತಿದ್ದೇನೆ. ಪ್ರತಿ ಸಬ್ಜೆಕ್ಟಿಗೆ ಊರಿನ ಒಂದು ಮಷಿನ್ ಆರಿಸಿಕೊಳ್ಳಿ. ಸೆಮಿಸ್ಟರ್ ಶುರುವಾದ ಎರಡು ವಾರದೊಳಗೆ ಹೋಗಿ ನೋಡಿ. ಅದರ ಮೇಲೆ ನಿಮ್ಮದೇ ಒಂದು ಲೆಕ್ಕ ಮಾಡಿ.

ನಿಮ್ಮದೇ ಲೆಕ್ಕ ಅಂದರೆ ಹೇಗೆ

ಐಸ್ ಫ್ಯಾಕ್ಟರಿಯದನ್ನೇ ತಗೊಳ್ಳೋಣ. ಒಂದು ಡಬ್ಬಿಯಲ್ಲಿ 50 ಕೆಜಿ ನೀರು ಹಿಡಿಯುತ್ತದೆ ಎಂದುಕೊಳ್ಳಿ. ಅದು 30 ಡಿಗ್ರಿಯಿಂದ ಸೊನ್ನೆಗೆ ಇಳಿಯಬೇಕು: 50 ಕೆಜಿ, ಒಂದು ಕೆಜಿ ನೀರು ಒಂದು ಡಿಗ್ರಿ ಇಳಿಯಲು ತೆಗೆಯಬೇಕಾದ 4.18 ಕಿಲೋಜೌಲ್, 30 ಡಿಗ್ರಿ ಈ ಮೂರನ್ನೂ ಗುಣಿಸಿ, 6,270 ಕಿಲೋಜೌಲ್. ಸೊನ್ನೆಗೆ ಬಂದ ನೀರು ಗಟ್ಟಿಯಾಗಲು ಕೆಜಿಗೆ 334ರಂತೆ 16,700 ಕಿಲೋಜೌಲ್. ಒಟ್ಟು ಹೆಚ್ಚುಕಡಿಮೆ 23,000. ಇಂಥ 100 ಡಬ್ಬಿ ಒಂದು ದಿನದಲ್ಲಿ ತಯಾರಾಗಬೇಕು ಅಂದರೆ, 86,400 ಸೆಕೆಂಡಿನಿಂದ ಭಾಗಿಸಿದಾಗ 26.6 ಕಿಲೋವ್ಯಾಟ್ ಬರುತ್ತದೆ. ಥಂಡಿ ಮಾಡುವ ಮಷಿನ್ನಿನ ಶಕ್ತಿಯನ್ನು ಟನ್‌ನಲ್ಲಿ ಹೇಳುತ್ತಾರೆ, ಒಂದು ಟನ್ ರೆಫ್ರಿಜರೇಶನ್ ಅಂದರೆ 3.517 ಕಿಲೋವ್ಯಾಟ್. ಹಾಗಾಗಿ ಏಳೂವರೆ ಟನ್ನಿನ ಮಷಿನ್ ಸಾಕು.

ಆದರೆ ಹೋಗಿ ನೋಡಿದರೆ ಅಲ್ಲಿ ಕೂರಿಸಿರುವುದು ಅದಕ್ಕಿಂತ ದೊಡ್ಡದೇ ಆಗಿರುತ್ತದೆ. ಯಾಕೆ? ತೊಟ್ಟಿಯ ಗೋಡೆಯಿಂದ ಹೊರಗಿನ ಬಿಸಿ ಒಳಗೆ ನುಗ್ಗುತ್ತದೆ. ಮರದ ಮುಚ್ಚಳ ತೆಗೆದಾಗಲೆಲ್ಲ ಮತ್ತಷ್ಟು. ಉಪ್ಪುನೀರು ಕಲಕುವ ಮೋಟರೂ ಬಿಸಿ ಕೊಡುತ್ತದೆ. ಐಸು ಸೊನ್ನೆಗೇ ನಿಲ್ಲುವುದಿಲ್ಲ, ಇನ್ನೂ ಕೆಳಗೆ ಇಳಿಯುತ್ತದೆ. ಲೆಕ್ಕದ ಉತ್ತರಕ್ಕೂ ಕಣ್ಣೆದುರಿನ ಮಷಿನ್ನಿಗೂ ಇರುವ ಈ ವ್ಯತ್ಯಾಸವನ್ನು ಒಂದೊಂದಾಗಿ ಹುಡುಕುತ್ತಾ ಹೋದರೆ ನೀವು ಹೀಟ್ ಟ್ರಾನ್ಸ್‌ಫರ್ ಸಬ್ಜೆಕ್ಟನ್ನು ಒಂದು ವರ್ಷ ಮೊದಲೇ ಓದಲು ಶುರು ಮಾಡಿದಂತೆ.

ಇನ್ನೊಂದು, ಇದು ನನಗೆ ಇಷ್ಟವಾದದ್ದು. ಶಿರಸಿಯಲ್ಲಿ ಮಾವನ ಮನೆಯಲ್ಲಿ ಅಡಿಕೆ ಸುಲಿಯುವ ಮಷಿನ್ ಇತ್ತು. ಒಂದು ಎಚ್‌ಪಿ ಮೋಟರು, ಅದರ ಪ್ಲೇಟಿನ ಮೇಲೆ 1440 ಆರ್‌ಪಿಎಂ ಅಂತ ಬರೆದಿತ್ತು. ಮೋಟರಿಗೆ 3 ಇಂಚಿನ ಪುಲ್ಲಿ, ಮಷಿನ್ ಶಾಫ್ಟಿಗೆ 12 ಇಂಚಿನದು. ನಾಲ್ಕು ಪಟ್ಟು ನಿಧಾನ, ಅಂದರೆ 360 ಆರ್‌ಪಿಎಂ. ಒಂದು ಎಚ್‌ಪಿ 746 ವ್ಯಾಟ್. 360ರಲ್ಲಿ ತಿರುಗುವಾಗ ಶಾಫ್ಟಿನ ಮೇಲಿನ ಟಾರ್ಕ್, ಅಂದರೆ ತಿರುಚುವ ಬಲ, ಸುಮಾರು 20 ನ್ಯೂಟನ್ ಮೀಟರ್. ಶಾಫ್ಟಿನ ದಪ್ಪ ಅಳೆದೆ, 25 ಮಿಲಿಮೀಟರ್. ಟಾರ್ಕನ್ನು 16ರಿಂದ ಗುಣಿಸಿ, ಪೈ ಮತ್ತು ವ್ಯಾಸದ ಘನದಿಂದ ಭಾಗಿಸಿದರೆ ಶಾಫ್ಟಿನ ಮೇಲ್ಮೈಯ ಸ್ಟ್ರೆಸ್ (ಲೋಹದ ಒಳಗಿನ ಜಗ್ಗಾಟ) ಬರುತ್ತದೆ ಅಲ್ವಾ, ಬಂದದ್ದು ಆರೂವರೆ ಮೆಗಾಪ್ಯಾಸ್ಕಲ್. ಸಾಧಾರಣ ಮೈಲ್ಡ್ ಸ್ಟೀಲ್ ಎಳೆದರೆ 250ರ ಹತ್ತಿರ ಹೋಗುವವರೆಗೂ ತಡೆಯುತ್ತದೆ. ಜಾರುವ ಸ್ಟ್ರೆಸ್ ಆದ್ದರಿಂದ ಅದರ ಅರ್ಧ ಹಿಡಿದರೂ ಇಲ್ಲಿ ಇರುವುದು ಏನೇನೂ ಅಲ್ಲ.

ಹಾಗಾದರೆ ಮಷಿನ್ ಮಾಡಿದವರು ಸುಮ್ನೆ ಕಬ್ಬಿಣ ದಂಡ ಮಾಡಿದ್ರಾ? ನಾನು ಹಾಗೇ ಅಂದುಕೊಂಡೆ. ಮಾವ ಬೆಲ್ಟ್ ಎಳೆದು ತೋರಿಸಿದರು. "ಇದನ್ನ ಹಿಡಿದು ಎಳಿ ನೋಡ್ವ, ಎಷ್ಟು ಬಿಗಿ ಇದ್ದು." ಬೆಲ್ಟು ಶಾಫ್ಟನ್ನು ಬರೀ ತಿರುಗಿಸುವುದಿಲ್ಲ, ಒಂದೇ ಕಡೆ ಎಳೆದು ಬಗ್ಗಿಸುತ್ತದೆ ಕೂಡ. ಶಾಫ್ಟು ತಿರುಗುತ್ತಿರುವುದರಿಂದ ಆ ಬಾಗು ನಿಮಿಷಕ್ಕೆ 360 ಸಲ ಮೇಲೆ ಕೆಳಗೆ ಆಗುತ್ತದೆ. ಹೀಗೆ ಬಗ್ಗಿ ಬಗ್ಗಿ ಲೋಹ ದಣಿದು ಬಿರುಕು ಬಿಡುವುದೇ ಫೆಟೀಗ್. ಪುಲ್ಲಿ ಜಾರದಂತೆ ಹಿಡಿಯುವ ಕೀ ಕೂರಿಸಲು ಶಾಫ್ಟಿನಲ್ಲಿ ತೋಡಿದ ಕಾಲುವೆಯ ಮೂಲೆಯಲ್ಲಿ ಸ್ಟ್ರೆಸ್ ಇನ್ನೂ ಏರುತ್ತದೆ. ಅಡಿಕೆಯ ಜೊತೆ ಒಂದು ಕಲ್ಲು ಬಂದು ಸಿಕ್ಕಿಕೊಂಡರೆ ಆ ಹೊಡೆತ ಬೇರೆ. ಕೊನೆಗೆ ಬೇರಿಂಗ್. ಅದರ ಮೇಲೆ 6205 ಅಂತ ಇತ್ತು. ಕೊನೆಯ ಎರಡು ಅಂಕಿಯನ್ನು ಐದರಿಂದ ಗುಣಿಸಿದರೆ ಒಳಗಿನ ತೂತಿನ ವ್ಯಾಸ, 25 ಮಿಲಿಮೀಟರ್. ಅಂಗಡಿಯಲ್ಲಿ ಸಿಗುವ ಬೇರಿಂಗಿಗೆ ತಕ್ಕಂತೆ ಶಾಫ್ಟಿನ ದಪ್ಪ ಆರಿಸುತ್ತಾರೆ. ಈ ಗುಣಿಸುವ ಲೆಕ್ಕ 04ರಿಂದ ಮೇಲಿನವಕ್ಕೆ ಮಾತ್ರ ನಡೆಯುತ್ತದೆ, 6203 ಅಂದರೆ 17 ಮಿಲಿಮೀಟರ್, 6202 ಅಂದರೆ 15. ಮೋಟರು, ಮಿಕ್ಸಿ, ಪಂಪು ಯಾವುದನ್ನೇ ಬಿಚ್ಚಿದಾಗಲೂ ಈ ನಂಬರ್ ಓದುವ ಅಭ್ಯಾಸ ಮಾಡಿಕೊಳ್ಳಿ. ಬೋಲ್ಟಿನ ತಲೆಯ ಮೇಲಿನ 8.8 ಕೂಡ ಹಾಗೇ. ಮೊದಲ 8 ಅಂದರೆ 800 ಮೆಗಾಪ್ಯಾಸ್ಕಲ್ ತಡೆಯುವ ಶಕ್ತಿ, ಅದರ ಶೇಕಡಾ 80 ಅಂದರೆ 640ಕ್ಕೆ ಅದು ಶಾಶ್ವತವಾಗಿ ಹಿಗ್ಗಲು ಶುರು.

ಐದನೇ, ಆರನೇ ಸೆಮಿಸ್ಟರಿನಲ್ಲಿ ಡಿಸೈನ್ ಸಬ್ಜೆಕ್ಟಿನ ಡೇಟಾ ಹ್ಯಾಂಡ್‌ಬುಕ್ ತೆರೆದಾಗ ಅದರ ಅರ್ಧ ಕೋಷ್ಟಕಗಳು ನನಗೆ ಆ ಅಡಿಕೆ ಮಷಿನ್ನಿನ ಮೂಲಕವೇ ಅರ್ಥವಾದವು.

ಮೊದಲ ವರ್ಷ ಯಾವುದರ ಮೇಲೆ ಬೆವರು ಸುರಿಸಬೇಕು

ಎಲ್ಲದರ ಮೇಲೂ ಬೇಡ. ಗಣಿತ, ಮೆಕ್ಯಾನಿಕ್ಸ್, ಡ್ರಾಯಿಂಗ್. ಈ ಮೂರು ಗಟ್ಟಿಯಾಗಿದ್ದರೆ ಮುಂದಿನ ಮೂರು ವರ್ಷ ಹಗುರ. ಉಳಿದವನ್ನು ಪಾಸಾಗುವಷ್ಟು, ಒಳ್ಳೆ ಅಂಕ ಬರುವಷ್ಟು ಓದಿ.

ಮೆಕ್ಯಾನಿಕ್ಸ್‌ನಲ್ಲಿ ಫ್ರೀ ಬಾಡಿ ಡಯಾಗ್ರಾಮ್ ಬಿಡಿಸುವುದನ್ನು ಯಾರೂ ನಿಮಗೆ ಸಾಕಷ್ಟು ಹೇಳಿಕೊಡುವುದಿಲ್ಲ, ಅದಕ್ಕೇ ನಾನು ಹೇಳುತ್ತೇನೆ. ವಸ್ತುವನ್ನು ಸುತ್ತಲಿನ ಎಲ್ಲದರಿಂದ ಕತ್ತರಿಸಿ ಹೊರಗೆ ತೆಗೆಯಿರಿ. ಎಲ್ಲೆಲ್ಲಿ ಕತ್ತರಿಸಿದಿರೋ ಅಲ್ಲೆಲ್ಲ ಒಂದು ಬಲ ಹಾಕಿ. ತೂಕ ಹಾಕಿ. ಇಷ್ಟು ಮುಗಿಯುವವರೆಗೆ ಒಂದು ಸಮೀಕರಣವನ್ನೂ ಬರೆಯಬೇಡಿ. ತೋಟದಲ್ಲಿ ಕಾಳುಮೆಣಸು ಕೊಯ್ಯಲು ಅಡಿಕೆ ಮರಕ್ಕೆ ಒರಗಿಸಿದ ಏಣಿ ತಗೊಳ್ಳಿ. ನೆಲದಲ್ಲಿ ಮೇಲ್ಮುಖ ಒತ್ತು, ನೆಲದಲ್ಲೇ ಘರ್ಷಣೆ, ಮರದ ಒತ್ತು, ಏಣಿಯ ತೂಕ, ಹತ್ತಿದವರ ತೂಕ. ಆಳು ಮೇಲೆ ಮೇಲೆ ಹತ್ತಿದಂತೆ ಮರದ ಒತ್ತು ಹೆಚ್ಚುತ್ತದೆ, ಅದನ್ನು ಸರಿದೂಗಿಸಲು ನೆಲದ ಘರ್ಷಣೆಯೂ ಹೆಚ್ಚಬೇಕು. ಕೆಳಗಿನ ಮೂರು ಮೆಟ್ಟಿಲಲ್ಲಿ ಜಾರದ ಏಣಿ ತುದಿಗೆ ಹೋದಾಗ ಜಾರುವುದು ಇದಕ್ಕೇ. ನೆಲ ಹಾವಸೆ ಕಟ್ಟಿದ್ದರೆ ಇನ್ನೂ ಬೇಗ. ಇದನ್ನು ಒಂದು ಸಲ ಕಾಗದದ ಮೇಲೆ ಲೆಕ್ಕ ಹಾಕಿ ಕೆಳಗೆ ಏಣಿ ಹಿಡಿದುಕೊಂಡು ನಿಂತವರಿಗೆ ತೋರಿಸಿ, ಅವರಿಗೆ ಮೊದಲೇ ಗೊತ್ತಿರುತ್ತದೆ, ಆದರೂ ಖುಷಿಪಡುತ್ತಾರೆ.

ಡ್ರಾಯಿಂಗ್ ಈಗ ಕಂಪ್ಯೂಟರಿನಲ್ಲಿ. ಆದರೂ ಕೈಯಲ್ಲಿ ಸ್ಕೆಚ್ ಮಾಡುವುದನ್ನು ಬಿಡಬೇಡಿ. ದಿನಾ ಒಂದು ವಸ್ತು: ನಲ್ಲಿಯ ತಲೆ, ಸೈಕಲ್ ಪೆಡಲ್, ತುರಿಯುವ ಮಣೆ. ಮುಂದಿನಿಂದ, ಮೇಲಿನಿಂದ, ಪಕ್ಕದಿಂದ, ಮೂರು ನೋಟ. ಒಂದು ತಿಂಗಳು ಮಾಡಿದರೆ ಸಾಫ್ಟ್‌ವೇರ್ ಬರೀ ಪೆನ್ಸಿಲ್ ಥರ ಆಗುತ್ತದೆ.

ಡಿಪ್ಲೊಮಾ ಮುಗಿಸಿ ನೇರ ಮೂರನೇ ಸೆಮಿಸ್ಟರಿಗೆ ಸೇರುವವರಿಗೆ ಒಂದು ಮಾತು. ನಿಮ್ಮ ಕೈ ಪಳಗಿರುತ್ತದೆ, ಪಿಯುಸಿಯಿಂದ ಬಂದವರಿಗಿಂತ ವರ್ಕ್‌ಶಾಪಿನಲ್ಲಿ ನೀವೇ ಮುಂದೆ. ಗಣಿತದಲ್ಲಿ ಮಾತ್ರ ಹಿಂದೆ ಬೀಳುತ್ತೀರಿ. ಸೇರುವ ಮೊದಲಿನ ಎರಡು ತಿಂಗಳು ಇಂಟಿಗ್ರೇಶನ್ ಮತ್ತು ಡಿಫರೆನ್ಷಿಯಲ್ ಸಮೀಕರಣ ಇವೆರಡನ್ನೇ ಬಿಡದೆ ಮಾಡಿ.

ವರ್ಕ್‌ಶಾಪ್

ಫಿಟ್ಟಿಂಗ್‌ನಲ್ಲಿ ಒಂದು ಮೈಲ್ಡ್ ಸ್ಟೀಲ್ ತುಂಡು ಕೊಟ್ಟು ಚೌಕ ಮಾಡು ಅಂತಾರೆ. ಎರಡು ದಿನ ಅರ ಉಜ್ಜಿದ ಮೇಲೂ ಟ್ರೈ ಸ್ಕ್ವೇರ್ ಇಟ್ಟು ಬೆಳಕಿಗೆ ಹಿಡಿದರೆ ತುದಿಗಳಲ್ಲಿ ಬೆಳಕು ಸೋರುತ್ತದೆ. ನಡುಭಾಗ ಉಬ್ಬಿ ಎರಡೂ ತುದಿ ಸವೆದಿರುತ್ತದೆ, ಯಾಕೆಂದರೆ ಅರವನ್ನು ತಳ್ಳುವಾಗ ಕೈ ತೂಗುತ್ತದೆ. ಶುರುವಿನಲ್ಲಿ ಮುಂದಿನ ಕೈಗೆ ಒತ್ತು ಜಾಸ್ತಿ, ನಡುವಿಗೆ ಬಂದಾಗ ಎರಡೂ ಕೈಗೆ ಸಮ, ಕೊನೆಗೆ ಹಿಂದಿನ ಕೈಗೆ ಜಾಸ್ತಿ. ಹಿಂದಕ್ಕೆ ತರುವಾಗ ಒತ್ತು ಬೇಡ, ಹಲ್ಲು ಮೊಂಡಾಗುತ್ತದೆ. ಈ ಕೆಲಸ ಬೇಸರ ತರಿಸುತ್ತದೆ, ನಿಜ, ತುಂಬಾ ಜನ ಪಕ್ಕದವನ ತುಂಡು ತೋರಿಸಿ ಅಂಕ ತಗೊಳ್ಳುತ್ತಾರೆ. ನೀವು ಹಾಗೆ ಮಾಡಬೇಡಿ. ಡ್ರಾಯಿಂಗ್ ಮೇಲೆ 0.05 ಮಿಲಿಮೀಟರ್ ಅಂತ ಬರೆಯುವುದು ಸುಲಭ, ಅದನ್ನು ಲೋಹದಲ್ಲಿ ತರಲು ಎಷ್ಟು ಹೊತ್ತು ಬೇಕು, ಎಷ್ಟು ಖರ್ಚು ಅನ್ನುವುದು ಆ ಅರದಿಂದಲೇ ಗೊತ್ತಾಗಬೇಕು. ಇದು ಗೊತ್ತಿಲ್ಲದ ಡಿಸೈನ್ ಎಂಜಿನಿಯರುಗಳ ಡ್ರಾಯಿಂಗ್ ಹಿಡಿದು ನಾನು ಮೆಂಟೆನೆನ್ಸ್ ಕೆಲಸದಲ್ಲಿ ಎಷ್ಟೋ ಸಲ ಲೇಥ್ ಆಪರೇಟರುಗಳ ಮುಂದೆ ನಿಂತಿದ್ದೇನೆ.

ಲೇಥ್ ಹತ್ತಿರ ಮಾತ್ರ ಜೋಪಾನ. ಕೈಗವಸು ಹಾಕಲೇಬೇಡಿ, ತಿರುಗುವ ಚಕ್ ಗವಸಿನ ಜೊತೆ ಕೈಯನ್ನೂ ಎಳೆದುಕೊಳ್ಳುತ್ತದೆ. ದುಪಟ್ಟಾ, ಉಂಗುರ, ಬಳೆ, ಕೈಗೆ ಕಟ್ಟಿದ ದಾರ ತೆಗೆದಿಡಿ. ಕೂದಲು ಬಿಗಿಯಾಗಿ ಕಟ್ಟಿ ಟೋಪಿಯೊಳಗೆ ಸೇರಿಸಿ. ಚಕ್ ಕೀಯನ್ನು ಚಕ್ಕಿನಲ್ಲಿ ಬಿಟ್ಟು ಕೈ ತೆಗೆಯಬೇಡಿ, ಒಂದು ಕ್ಷಣವೂ ಬೇಡ. ಸುರುಳಿ ಸುರುಳಿಯಾಗಿ ಬರುವ ಚೂರನ್ನು ಕೈಯಲ್ಲಿ ಎಳೆಯಬೇಡಿ, ಬ್ಲೇಡಿಗಿಂತ ಹರಿತ. ಹುಡುಗಿಯರಿಗೆ ವಿಶೇಷವಾಗಿ ಹೇಳಬೇಕು. "ನೀನು ದೂರ ನಿಂತು ರೀಡಿಂಗ್ ಬರ್ಕೋ" ಅಂತ ಗುಂಪಿನಲ್ಲಿ ಯಾರಾದರೂ ಹೇಳೇ ಹೇಳುತ್ತಾರೆ. ಬರೆದುಕೊಳ್ಳುವ ಕೆಲಸವನ್ನು ವಾರಕ್ಕೊಬ್ಬರಂತೆ ಸರದಿ ಮಾಡಿ ಅಂತ ಮೊದಲ ದಿನವೇ ಕೇಳಿ. ನಮ್ಮ ಬ್ಯಾಚಿನಲ್ಲಿ ಹುಡುಗಿಯರು ನಾವು ನಾಲ್ಕೇ ಜನ ಇದ್ದೆವು, ಹೀಗೆ ಕೇಳಿದ್ದಕ್ಕೇ ನಾಲ್ಕೂ ಜನರಿಗೆ ಥ್ರೆಡ್ ಕತ್ತರಿಸಲು ಬಂತು.

ಕನ್ನಡ ಮೀಡಿಯಂನಿಂದ ಬಂದವರಿಗೆ

ಭಾಷೆಯಿಂದ ಮೊದಲ ಸೆಮಿಸ್ಟರ್ ಉಸಿರು ಕಟ್ಟುತ್ತದೆ. ಒಂದು ನೋಟ್‌ಬುಕ್ ಬೇರೆ ಇಟ್ಟುಕೊಳ್ಳಿ. ಎಡಕ್ಕೆ ಇಂಗ್ಲಿಷ್ ಪದ, ಬಲಕ್ಕೆ ನಿಮ್ಮ ಮಾತಿನಲ್ಲಿ ಅದರ ಅರ್ಥ. ಡಿಕ್ಷನರಿಯ ಪದ ಬರೆಯಬೇಡಿ, ಅದು ಮೋಸ ಮಾಡುತ್ತದೆ. ಪ್ರೆಶರ್‌ಗೂ ಒತ್ತಡ, ಸ್ಟ್ರೆಸ್‌ಗೂ ಒತ್ತಡ ಅಂತ ಬರೆದುಕೊಂಡ ನನ್ನ ಗೆಳತಿಗೆ ಒಂದು ವರ್ಷ ಇವೆರಡೂ ಒಂದೇ ಅಂತ ಅನಿಸುತ್ತಿತ್ತು. ಪ್ರೆಶರ್ ಹೊರಗಿನಿಂದ ಮೈ ಮೇಲೆ ಬೀಳುವುದು. ಸ್ಟ್ರೆಸ್ ವಸ್ತುವಿನ ಒಳಗೆ ಒಂದು ಪದರ ಇನ್ನೊಂದನ್ನು ಹಿಡಿದುಕೊಳ್ಳುವ ಜಗ್ಗಾಟ, ಅದಕ್ಕೆ ಎಳೆಯುವುದು, ಒತ್ತುವುದು, ಜಾರುವುದು ಅಂತ ದಿಕ್ಕೂ ಇದೆ. ಹಾಗೇ ಹೀಟ್ ಮತ್ತು ಟೆಂಪರೇಚರ್ ಎರಡಕ್ಕೂ ನಾವು ಮನೆಯಲ್ಲಿ ಬಿಸಿ ಅಂತಲೇ ಹೇಳುವುದು. ಕುದಿಯುವ ಚಹಾ ಲೋಟಕ್ಕಿಂತ ಹಂಡೆ ತುಂಬಾ ಉಗುರುಬೆಚ್ಚಗಿನ ನೀರಿನಿಂದ ಹೊರಗೆ ಹೋಗಬಹುದಾದ ಹೀಟ್ ಜಾಸ್ತಿ, ಟೆಂಪರೇಚರ್ ಕಡಿಮೆ. ಹೀಗೆ ಬರೆದುಕೊಳ್ಳಿ.

ಯೋಚನೆ ಕನ್ನಡದಲ್ಲೇ ಮಾಡಿ, ತೊಂದರೆ ಇಲ್ಲ. ಉತ್ತರ ಬರೆಯುವಾಗ ಚಿಕ್ಕ ಚಿಕ್ಕ ಇಂಗ್ಲಿಷ್ ವಾಕ್ಯ ಸಾಕು. ಎನ್‌ಪಿಟಿಇಎಲ್ ಅನ್ನುವ ಸೈಟಿನಲ್ಲಿ ಐಐಟಿ ಮತ್ತು ಐಐಎಸ್‌ಸಿ ಮೇಷ್ಟ್ರುಗಳ ಪಾಠ ಬಿಟ್ಟಿ ಸಿಗುತ್ತದೆ. ಅರ್ಧ ವೇಗದಲ್ಲಿ ಇಟ್ಟು, ನಿಲ್ಲಿಸಿ ನಿಲ್ಲಿಸಿ ನೋಡಿ.

ಪರೀಕ್ಷೆಯ ವಿಷಯ

ನಮ್ಮ ಕಡೆಯ ಕಾಲೇಜುಗಳು, ಕಾರವಾರದ ಮಾಜಾಳಿಯಲ್ಲಿರುವ ಸರಕಾರಿ ಎಂಜಿನಿಯರಿಂಗ್ ಕಾಲೇಜು, ಭಟ್ಕಳದ ಅಂಜುಮನ್, ಬೆಳಗಾವಿಯ ವಿಟಿಯು ವಿಶ್ವವಿದ್ಯಾಲಯದ ಕೆಳಗೆ ಬರುತ್ತವೆ. 2022ರ ಸ್ಕೀಮ್‌ನಲ್ಲಿ ಥಿಯರಿ ಸಬ್ಜೆಕ್ಟಿಗೆ ಇಂಟರ್ನಲ್ಸ್ (ಕಾಲೇಜಿನವರೇ ಕೊಡುವುದು) 50 ಅಂಕ, ಕೊನೆಯ ಪರೀಕ್ಷೆ 100ಕ್ಕೆ ಬರೆದು 50ಕ್ಕೆ ಇಳಿಸುತ್ತಾರೆ. ಇಂಟರ್ನಲ್ಸ್‌ನಲ್ಲಿ ಶೇಕಡಾ 40 ಬೇಕೇ ಬೇಕು. ಐದು ಮಾಡ್ಯೂಲ್, ಪ್ರತಿಯೊಂದರಿಂದ ಎರಡರಲ್ಲಿ ಒಂದು ಪೂರ್ತಿ ಪ್ರಶ್ನೆ, 20 ಅಂಕದ್ದು. ಹಾಗಾಗಿ ಒಂದು ಮಾಡ್ಯೂಲ್ ಪೂರ್ತಿ ಬಿಟ್ಟರೆ 20 ಅಂಕ ಅಲ್ಲೇ ಹೋಯಿತು. ನಿಮ್ಮ ಬ್ಯಾಚಿನ ಸ್ಕೀಮ್ ಪ್ರತಿಯನ್ನು ವಿಟಿಯು ಸೈಟಿನಿಂದ ಇಳಿಸಿಕೊಂಡು ಗೋಡೆಗೆ ಅಂಟಿಸಿ.

ಲೆಕ್ಕದಲ್ಲಿ ಉತ್ತರ ತಪ್ಪಾದರೂ ಹಂತಗಳಿಗೆ ಅಂಕ ಇದೆ. ಚಿತ್ರ, ಕೊಟ್ಟ ಮಾಹಿತಿ, ಯೂನಿಟ್, ಸೂತ್ರ, ಆಮೇಲೆ ಸಂಖ್ಯೆ. ಯೂನಿಟ್ಟನ್ನು ಪ್ರತಿ ಸಾಲಿನಲ್ಲೂ ಬರೆಯಿರಿ. ಮಿಲಿಮೀಟರ್ ಹಾಕಬೇಕಾದಲ್ಲಿ ಮೀಟರ್ ಹಾಕಿ ಸಾವಿರ ಪಟ್ಟು ತಪ್ಪಿದ ಉತ್ತರ ಬರೆದವರನ್ನು ನಾನು ಎಣಿಸಲಾರೆ. ಉತ್ತರ ಬಂದ ಮೇಲೆ ಒಂದು ಸಲ ನಿಮ್ಮನ್ನೇ ಕೇಳಿಕೊಳ್ಳಿ, ಇಂಥದ್ದು ಇರಲು ಸಾಧ್ಯವಾ? ಅಡಿಕೆ ಮಷಿನ್ನಿಗೆ 2 ಮೀಟರ್ ದಪ್ಪದ ಶಾಫ್ಟ್ ಬಂದರೆ ಎಲ್ಲೋ ತಪ್ಪಿದೆ ಅಂತ ಅರ್ಥ. ಸ್ಟೀಮ್ ಟೇಬಲ್, ಡೇಟಾ ಹ್ಯಾಂಡ್‌ಬುಕ್ ಪರೀಕ್ಷೆಗೆ ಒಂದು ವಾರ ಮೊದಲು ಕೊಳ್ಳುವ ವಸ್ತುಗಳಲ್ಲ. ಸೆಮಿಸ್ಟರಿನ ಮೊದಲ ದಿನದಿಂದ ಅದೇ ಪ್ರತಿಯಲ್ಲಿ ಹುಡುಕಿ ಹುಡುಕಿ, ಪುಟ ತೆರೆದರೆ ಬೇಕಾದ ಕೋಷ್ಟಕ ತಾನಾಗೇ ಸಿಗಬೇಕು.

ಇದೇ ಸ್ಕೀಮ್‌ನಲ್ಲಿ ಪಾಠದ ಹೊರಗಿನ ಚಟುವಟಿಕೆಗೆ ಸಿಗುವ ಆಕ್ಟಿವಿಟಿ ಪಾಯಿಂಟ್ 100 ಬೇಕು, ಲ್ಯಾಟರಲ್‌ನವರಿಗೆ, ಅಂದರೆ ಡಿಪ್ಲೊಮಾದಿಂದ ನೇರ ಬಂದವರಿಗೆ, 75. ಮೊದಲ ವರ್ಷದಿಂದಲೇ ಸೇರಿಸುತ್ತಾ ಬನ್ನಿ.

ಹೋಗಿ ನೋಡಬೇಕಾದವು

ಟರ್ಬೈನ್ ಕಲಿಯಲು ಇಡೀ ರಾಜ್ಯದಲ್ಲಿ ನಮ್ಮಷ್ಟು ಅದೃಷ್ಟವಂತರು ಕಡಿಮೆ. ಶರಾವತಿ ವಿದ್ಯುದಾಗಾರದಲ್ಲಿ ಪೆಲ್ಟನ್, ಕಾಳಿ ನದಿಯ ನಾಗಝರಿಯಲ್ಲಿ ಫ್ರಾನ್ಸಿಸ್, ಅದೇ ನದಿಯ ಕದ್ರಾದಲ್ಲಿ ಕಪ್ಲಾನ್. ನೀರು ಎತ್ತರದಿಂದ ಬಿದ್ದಲ್ಲಿ ಪೆಲ್ಟನ್, ಎತ್ತರ ಕಡಿಮೆ ಇದ್ದು ನೀರು ಜಾಸ್ತಿ ಇದ್ದಲ್ಲಿ ಕಪ್ಲಾನ್, ನಡುವಿನದಕ್ಕೆ ಫ್ರಾನ್ಸಿಸ್. ಪುಸ್ತಕದ ಒಂದು ಪುಟದ ಕೋಷ್ಟಕ ನಮ್ಮ ಎರಡು ನದಿಗಳಲ್ಲೇ ಇದೆ.

ಕೈಗಾ ಅಣು ವಿದ್ಯುತ್ ಸ್ಥಾವರದಲ್ಲಿ 220 ಮೆಗಾವ್ಯಾಟಿನ ನಾಲ್ಕು ಘಟಕಗಳಿವೆ. ಮೊದಲ ಘಟಕ 2016ರ ಮೇ 13ರಿಂದ 2018ರ ಡಿಸೆಂಬರ್ 31ರವರೆಗೆ ಒಂದು ಸಲವೂ ನಿಲ್ಲದೆ 962 ದಿನ ಓಡಿ ಆಗ ವಿಶ್ವದಾಖಲೆ ಮಾಡಿತು. ಅಣು ಅಂದ ತಕ್ಷಣ ಎಲ್ಲರೂ ರಿಯಾಕ್ಟರ್ ಬಗ್ಗೆ ಮಾತಾಡುತ್ತಾರೆ. ಆದರೆ ಅಷ್ಟು ದಿನ ಪಂಪು, ಬೇರಿಂಗು, ಸೀಲು, ವಾಲ್ವ್ ಯಾವುದೂ ಕೈ ಕೊಡಲಿಲ್ಲ ಅನ್ನುವುದನ್ನು ಯೋಚಿಸಿದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ಅದು ಮೆಕ್ಯಾನಿಕಲ್‌ನವರ ಕೆಲಸ. ಒಳಗೆ ಹಬೆಯಿಂದ ಟರ್ಬೈನ್ ತಿರುಗಿಸುವುದು ನೀವು ಓದುವ ಅದೇ ರ‍್ಯಾಂಕಿನ್ ಸೈಕಲ್. ಇಂಥ ಜಾಗಗಳಿಗೆ ಕಾಲೇಜಿನ ಪತ್ರ, ಮೊದಲೇ ಪಡೆದ ಅನುಮತಿ ಇಲ್ಲದೆ ಹೋಗಲಾಗದು, ಫೋಟೋ ತೆಗೆಯುವ ಮಾತೇ ಇಲ್ಲ. ವಿಭಾಗದ ಮುಖ್ಯಸ್ಥರ ಹತ್ತಿರ ಸೆಮಿಸ್ಟರ್ ಶುರುವಿನಲ್ಲೇ ಹೋಗಿ ಕೇಳಿ. ಕೈಗಾ ನಡೆಸುವ ಎನ್‌ಪಿಸಿಐಎಲ್ ಎಂಜಿನಿಯರುಗಳನ್ನು ಗೇಟ್ ಅನ್ನುವ ರಾಷ್ಟ್ರಮಟ್ಟದ ಪರೀಕ್ಷೆಯ ಅಂಕದ ಮೇಲೆ ಆರಿಸುತ್ತದೆ. ಗೇಟನ್ನು ಮೂರನೇ ವರ್ಷದಲ್ಲೇ ಬರೆಯಬಹುದು, ಬರೆಯಿರಿ, ಯಾವ ಸಬ್ಜೆಕ್ಟು ಮರೆತಿದೆ ಅಂತ ಗೊತ್ತಾಗುತ್ತದೆ.

ಉಳಿದವಕ್ಕೆ ಪತ್ರ ಬೇಡ, ಒಬ್ಬ ಪರಿಚಯದವರು ಸಾಕು, ಆದರೆ ಕಾಲ ನೋಡಿಕೊಂಡು ಹೋಗಬೇಕು. ಚಳಿಗಾಲಕ್ಕೆ ಶಿರಸಿ, ಸಿದ್ದಾಪುರದ ಕಡೆ ಅಡಿಕೆ ಸುಲಿಯುವ ಮಷಿನ್. ಅದಾದ ಮೇಲೆ ಆಲೆಮನೆ. ಗಾಣದ ಮೂರು ರೋಲರುಗಳ ಗೇರ್ ಹಲ್ಲು ಎಣಿಸಿ, ಯಾವುದು ಯಾವ ದಿಕ್ಕಿಗೆ ತಿರುಗುತ್ತದೆ ಬರೆದುಕೊಳ್ಳಿ, ಚಲನೆಯ ಸಬ್ಜೆಕ್ಟಾದ ಕೈನೆಮ್ಯಾಟಿಕ್ಸ್‌ಗೆ ಅದು ಸಾಕು. ಬೆಲ್ಲ ಕಾಯಿಸುವ ಒಲೆಯ ಮುಂದೆ ನಿಂತಾಗ ಕಂಡಕ್ಷನ್, ಕನ್ವೆಕ್ಷನ್, ರೇಡಿಯೇಷನ್ ಮೂರೂ ಒಂದೇ ಸಲ ಮೈಗೆ ತಾಗುತ್ತದೆ. ಜೋನಿಬೆಲ್ಲವೂ ಸಿಗುತ್ತದೆ.

ಮೆಟೀರಿಯಲ್ ಸೈನ್ಸ್‌ಗೆ ಬಂದರಿಗಿಂತ ಒಳ್ಳೆ ಲ್ಯಾಬ್ ಇಲ್ಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಆಗ ಬೋಟುಗಳ ರಿಪೇರಿ ನಡೆಯುತ್ತದೆ, ಎಂಜಿನ್ ಬಿಚ್ಚುತ್ತಾರೆ. ತದಡಿ, ಕಾರವಾರದ ಬೈತಖೋಲ, ಹೊನ್ನಾವರದ ಕಾಸರಕೋಡ, ಹತ್ತಿರದ್ದಕ್ಕೆ ಹೋಗಿ. ಸ್ಟೀಲ್ ಬೋಟಿನ ತಳಕ್ಕೆ ಬಡಿದ ಸತುವಿನ ಗಟ್ಟಿ ಹುಳ ತಿಂದ ಹಾಗೆ ತೂತು ತೂತಾಗಿರುತ್ತದೆ. ಸಮುದ್ರದ ನೀರಿನಲ್ಲಿ ಕಬ್ಬಿಣಕ್ಕಿಂತ ಮೊದಲು ಸತು ಕರಗಿ ಕಬ್ಬಿಣವನ್ನು ಉಳಿಸುತ್ತದೆ, ಅದಕ್ಕಾಗಿಯೇ ಅದನ್ನು ಅಲ್ಲಿ ಇಡುವುದು. 304 ಸ್ಟೇನ್‌ಲೆಸ್ ಬೋಲ್ಟಿನ ಮೇಲೂ ಕಂದು ಕಲೆ ಕಾಣುತ್ತದೆ. 316ರಲ್ಲಿ ಶೇಕಡಾ 2ರಿಂದ 3 ಮಾಲಿಬ್ಡಿನಮ್ ಇರುವುದರಿಂದ ಉಪ್ಪಿಗೆ ಅದು ಜಾಸ್ತಿ ತಾಳುತ್ತದೆ. ಎಂಜಿನ್ ಬಿಚ್ಚುವ ಮಿಸ್ತ್ರಿಗೆ ಅಡ್ಡ ಬರಬೇಡಿ. ಸ್ಪ್ಯಾನರ್ ಹಿಡಿದುಕೊಡಿ, ಡೀಸೆಲ್‌ನಲ್ಲಿ ನಟ್ಟು ತೊಳೆದುಕೊಡಿ, ಚಹಾ ತಂದುಕೊಡಿ. ಮೂರನೇ ದಿನ ಅವರೇ ಕರೆದು ಲೈನರ್ (ಪಿಸ್ಟನ್ ಓಡಾಡುವ ಕೊಳವೆ) ಒಳಗೆ ಬೆರಳು ಹಾಕಿಸುತ್ತಾರೆ. ಮೇಲಿನ ತುದಿಯಲ್ಲಿ, ಪಿಸ್ಟನ್ ರಿಂಗು ನಿಂತು ವಾಪಸ್ ಇಳಿಯುವ ಜಾಗದಲ್ಲಿ, ಉಗುರಿಗೆ ಸಿಗುವಂಥ ಒಂದು ಮೆಟ್ಟಿಲು ಇರುತ್ತದೆ. ಅಲ್ಲೇ ಸವೆತ ಜಾಸ್ತಿ, ಯಾಕೆಂದರೆ ಪಿಸ್ಟನ್ ಕ್ಷಣಕಾಲ ನಿಂತಾಗ ಎಣ್ಣೆಯ ಪದರ ಕಿತ್ತುಹೋಗುತ್ತದೆ, ಬಿಸಿಯೂ ಅಲ್ಲೇ ಹೆಚ್ಚು.

ಜುಲೈ ಕೊನೆಯ ವಾರ ಮತ್ತೊಂದು ಸಲ ಹೋಗಿ, ಎಂಜಿನ್ ಕಟ್ಟಿ ಮೊದಲ ಸಲ ಚಾಲೂ ಮಾಡುವಾಗ ಅಲ್ಲಿರಿ. ಎಕ್ಸಾಸ್ಟಿನ ಬಾಯಿ ನೋಡುತ್ತಾ ನಿಂತು ಹೊಗೆಯ ಬಣ್ಣ ಬರೆದುಕೊಳ್ಳಿ. ಕಪ್ಪಾದರೆ ಡೀಸೆಲ್‌ಗೆ ತಕ್ಕಷ್ಟು ಗಾಳಿ ಸಿಗುತ್ತಿಲ್ಲ. ನೀಲಿಯಾದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಬಿಳಿಯಾದರೆ ಡೀಸೆಲ್ ಉರಿಯದೆ ಹೋಗುತ್ತಿದೆ, ಇಲ್ಲವೇ ನೀರು ಒಳಗೆ ಸೇರಿದೆ. ನಿಮಗೆ ಅನಿಸಿದ್ದನ್ನು ಮಿಸ್ತ್ರಿಗೆ ಹೇಳಿ, ಅವರು ಏನಂತಾರೆ ಅದನ್ನೂ ಪಕ್ಕದಲ್ಲೇ ಬರೆದುಕೊಳ್ಳಿ.